ಏಡಿ ಹೊತ್ತ ಚೀಲ

ನಾನು ಕಡಲನ್ನು ಮೊದಲ ಸಲ ಕಂಡದ್ದು ಕಾಲೇಜಿಗೆ ಸೇರಿದ ಮೇಲೆ. ಕರಾವಳಿ ನಮ್ಮ ಮೈಸೂರು ರಾಜ್ಯಕ್ಕೆ ಸೇರಿ ಆಗ ಕೆಲವೇ ವರ್ಷ ಕಳೆದಿತ್ತು. ಅಜ್ಜಂಪುರದ ನಮ್ಮ ಮನೆಯಲ್ಲಿ ಕಡಲು ನೋಡಿದವರು ಯಾರೂ ಇರಲಿಲ್ಲ. ಅಪ್ಪನಿಗೆ ಒಂದಷ್ಟು ಹೊಲ, ಊರಾಚೆ ಒಂದು ತೆಂಗಿನ ತೋಟ. ಕೊಬ್ಬರಿ ಹಾಕಲು ಅರಸೀಕೆರೆ, ತಿಪಟೂರಿನವರೆಗೆ ಹೋಗಿ ಬಂದಿದ್ದ. ಅದರಾಚೆಯ ಲೋಕದ ಬಗ್ಗೆ ಅವನಿಗೆ ಕುತೂಹಲವಿತ್ತು, ಹೋಗಿ ನೋಡಲು ಪುರುಸೊತ್ತಿರಲಿಲ್ಲ. ಅಂಥ ಮನೆಯಿಂದ ನಾನು ಮೈಸೂರಿಗೆ ಹೋಗಿ ಬಿ.ಎಸ್ಸಿ. ಓದಿದೆ, ಅದೂ ಪ್ರಾಣಿಶಾಸ್ತ್ರ. ನಮ್ಮ ಬೀದಿಯಲ್ಲಿ ಹಾಗೆ ಓದಿದ ಮೊದಲ ಹುಡುಗಿ ನಾನು. ಇದನ್ನು ಹೇಳಿಕೊಳ್ಳಲು ಆಗಲೂ ನಾಚಿಕೊಂಡವಳಲ್ಲ, ಈಗಲೂ ಇಲ್ಲ.

ನಮ್ಮದು ಮೊಟ್ಟೆಯನ್ನೂ ಹೊಸಿಲು ದಾಟಿಸದ ಮನೆ. ನಾನು ಕಾಲೇಜಿನಲ್ಲಿ ಕಪ್ಪೆ ಕೊಯ್ಯುತ್ತೇನೆಂದು ಕೇಳಿ ಅಪ್ಪನ ತಾಯಿ, ನಮ್ಮಜ್ಜಿ, ಒಂದು ಹೊತ್ತು ಊಟ ಬಿಟ್ಟಿದ್ದಳು.

"ಕಪ್ಪೆ ಕುಯ್ಸಾಕೆ ಹೆಣ್ಮಗೀನ ಅಷ್ಟು ದೂರ ಕಳಿಸ್ಬೇಕಾಗಿತ್ತೇನೋ?" ಎಂದು ಮಗನನ್ನು ಕೇಳಿದಳು.

ಅಪ್ಪ ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಡಾಕುಟ್ರೂ ಕುಯ್ದೇ ಕಲ್ತಿರೋದು ಕಣವ್ವಾ. ಕಾಲ್ನೋವು ಅಂತ ಅವ್ರ ಹತ್ರ ನೀನೇ ಹೋಗ್ತೀಯಲ್ಲ" ಎಂದ. ಅಜ್ಜಿ ಮಾರನೆಯ ಹೊತ್ತಿಗೆ ಊಟಕ್ಕೆ ಕೂತಳು.

ಎರಡನೆಯ ವರ್ಷ ನಮ್ಮ ತರಗತಿಯನ್ನು ಮಂಗಳೂರಿಗೆ ಕರೆದುಕೊಂಡು ಹೋದರು. ಮಡಿಕೇರಿಯ ತಿರುವುಗಳಲ್ಲಿ ಬಸ್ಸಿನ ಕಿಟಕಿಯಾಚೆ ತಲೆ ಹಾಕಿ ವಾಂತಿ ಮಾಡಿಕೊಳ್ಳುತ್ತಲೇ ಘಟ್ಟ ಇಳಿದೆ. ಮಾರನೆಯ ಬೆಳಿಗ್ಗೆ ಕಡಲ ದಡದಲ್ಲಿ ನಿಂತಾಗ ಮಾತ್ರ ಹೊಟ್ಟೆಯ ಸಂಕಟವೆಲ್ಲ ಮರೆತುಹೋಯಿತು. ನಮ್ಮ ಮೇಷ್ಟ್ರು ಕಟ್ಟುನಿಟ್ಟಿನ ಮನುಷ್ಯ. ಚಿತ್ರ ನೆಟ್ಟಗೆ ಬರೆಯದಿದ್ದರೆ ಹಾಳೆಯನ್ನೇ ಹರಿದು ಕೈಗೆ ಕೊಡುತ್ತಿದ್ದರು. ಅವರು ಪ್ಯಾಂಟನ್ನು ಮೊಣಕಾಲವರೆಗೆ ಮಡಚಿಕೊಂಡು ಮುಂದೆ ನಡೆದರು, ನಾವು ಹಿಂದೆ. ಬಂಡೆಗಳ ಮೇಲೆ, ದೋಣಿಗಳ ತಳದಲ್ಲಿ ಸುಣ್ಣದ ಗುಳ್ಳೆಗಳಂತೆ ಅಂಟಿಕೊಂಡಿದ್ದ ಬಾರ್ನಕಲ್ಲುಗಳನ್ನು ತೋರಿಸಿದರು. ನೋಡಲು ಚಿಪ್ಪುಹುಳುವಿನಂತಿದ್ದರೂ ಇವು ಸೀಗಡಿ, ಏಡಿಗಳ ಬಳಗದವೇ ಎಂದರು. ಅಷ್ಟು ಹೊತ್ತಿಗೆ ಮೀನಿನ ದೋಣಿಗಳು ಬಂದವು.

ದಡದಲ್ಲಿ ಹೆಂಗಸರು ಕೂತು ಮೀನು, ಏಡಿ ಬೇರೆ ಬೇರೆ ಮಾಡುತ್ತಿದ್ದರು. ಅವರಲ್ಲೊಬ್ಬಳು ಒಂದು ಏಡಿಯನ್ನು ಎತ್ತಿ ನೋಡಿ, ಮುಖ ಸಿಂಡರಿಸಿ, ಪಕ್ಕದ ಕಸದ ಗುಡ್ಡೆಗೆ ಎಸೆದಳು. ಅದು ಯಾಕೆ ಬೇಡವಾಯಿತೆಂದು ನೋಡಲು ನಾನು ಅದನ್ನು ಕಡ್ಡಿಯಿಂದ ಮಗುಚಿದೆ. ಏಡಿಯ ಹೊಟ್ಟೆಯ ಕೆಳಗೆ ಮಡಚಿಕೊಂಡ ಒಂದು ಪಟ್ಟಿ ಇರುತ್ತದೆ. ಗಂಡಿನಲ್ಲಿ ಅದು ಕಿರಿದು, ಮೇಲಕ್ಕೆ ಹೋದಂತೆ ಚೂಪು. ಹೆಣ್ಣಿನಲ್ಲಿ ಅಗಲ; ಅದು ಮೊಟ್ಟೆಗಳನ್ನು ಕಾಪಾಡುವ ಮುಚ್ಚಳ. ಈ ಏಡಿಯ ಪಟ್ಟಿ ಅಗಲವಾಗಿತ್ತು. ಅದರ ಕೆಳಗಿನಿಂದ ಹಳದಿ ಬಣ್ಣದ ಏನೋ ಒಂದು ಹೊರಗೆ ಉಬ್ಬಿತ್ತು. ಮೊಟ್ಟೆ ಹೊತ್ತ ಹೆಣ್ಣು ಎಂದುಕೊಂಡೆ. ಆದರೆ ಮೊಟ್ಟೆಯೆಂದರೆ ರಾಗಿಯ ತೆನೆಯ ಹಾಗೆ ಕಾಳು ಕಾಳಾಗಿ ಇರಬೇಕು. ಇದು ನುಣ್ಣಗಿತ್ತು, ಹಿಸುಕಿದ ಅವರೆಬೇಳೆಯನ್ನು ನಾಲ್ಕಾರು ಪಾಲು ದೊಡ್ಡದು ಮಾಡಿದ ಹಾಗೆ. ಪಟ್ಟಿಯನ್ನು ಬಿಡಿಸಿದೆ. ಹೆಣ್ಣಿಗೆ ಅಲ್ಲಿ ಮೊಟ್ಟೆ ಅಂಟಿಸಿಕೊಳ್ಳಲು ಸಾಲಾಗಿ ಗರಿಯಂಥ ಕಾಲುಗಳಿರುತ್ತವೆ. ಇದಕ್ಕೆ ಇದ್ದದ್ದು ಗಂಡಿಗಿರುವ ಕಡ್ಡಿಯಂಥ ಅಂಗಗಳು, ಅವೂ ಸೊರಗಿಹೋಗಿದ್ದವು.

ನಾನು ಮೇಷ್ಟ್ರ ಹತ್ತಿರ ಓಡಿದೆ. "ಸಾರ್, ಇದು ಮೊಟ್ಟೆ ಅಲ್ಲ. ಒಂದೇ ಚೀಲ. ಮತ್ತೆ ಈ ಏಡಿ ಹೆಣ್ಣೂ ಅಲ್ಲ ಅನ್ಸುತ್ತೆ."

"ಇಷ್ಟು ಅಗಲದ ಹೊಟ್ಟೆ ಇದೆಯಲ್ಲಮ್ಮ?"

"ಅದೇ ಸಾರ್. ಹೊಟ್ಟೆ ಹೆಣ್ಣಿಂದು, ಕಾಲು ಗಂಡಿಂದು."

ಅವರು ಭೂತಗನ್ನಡಿ ತೆಗೆದರು. ತುಂಬ ಹೊತ್ತು ನೋಡಿದರು. ಆಮೇಲೆ ಆ ಒದ್ದೆ ಮರಳಿನ ಮೇಲೆ ಪ್ಯಾಂಟಿನ ಪರಿವೆಯಿಲ್ಲದೆ ಕೂತುಬಿಟ್ಟರು. "ಎಲ್ಲಾರನ್ನೂ ಕರೀರಿ. ನಾನು ಇದನ್ನ ಪುಸ್ತಕದಲ್ಲಿ ಮಾತ್ರ ಕಂಡಿದ್ದೆ. ಇವತ್ತು ಈ ಹುಡುಗಿ ಹುಡುಕಿಕೊಟ್ಟಳು" ಎಂದರು. ಹಾಳೆ ಹರಿಯುವ ಆ ಮೇಷ್ಟ್ರ ಬಾಯಿಂದ ಬಂದ ಆ ಮಾತನ್ನು ಇಡೀ ತರಗತಿ ಕೇಳಿಸಿಕೊಂಡಿತು. ನನ್ನ ಕಿವಿ ಬಿಸಿಯಾಯಿತು.

ಕಡಲ ಗಾಳಿಯಲ್ಲಿ ಗಂಟಲೆತ್ತಿ ಅವರು ಅಂದು ಹೇಳಿದ್ದು ಹೀಗಿತ್ತು. ಆ ಚೀಲವೂ ಬಾರ್ನಕಲ್ಲೇ. ಬಂಡೆಗೆ ಅಂಟುವ ತನ್ನ ನೆಂಟರನ್ನು ಬಿಟ್ಟು ಏಡಿಯ ಮೈಯನ್ನೇ ಮನೆ ಮಾಡಿಕೊಂಡ ಜಾತಿ ಅದು. ಹುಟ್ಟುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಮರಿ, ಎಲ್ಲ ಬಾರ್ನಕಲ್ಲುಗಳ ಮರಿಯಂತೆ ನೀರಿನಲ್ಲಿ ಈಜಿಕೊಂಡಿರುತ್ತದೆ. ಅದರ ಹೆಣ್ಣುಮರಿ ಏಡಿಯೊಂದರ ಮೇಲೆ ಕೂತು, ತನ್ನ ಕಾಲು, ಚಿಪ್ಪು ಎಲ್ಲವನ್ನೂ ಕಳಚಿ ಎಸೆದು, ಬರಿಯ ಒಂದು ಚೂರಾಗಿ ಸೂಜಿ ಚುಚ್ಚಿದಂತೆ ಒಳಗೆ ನುಗ್ಗುತ್ತದೆ. ಒಳಗೆ ಹೋದದ್ದು ಬೇರು ಬಿಡುತ್ತದೆ. ಕರುಳಿನ ಸುತ್ತ, ಕಾಲುಗಳ ತುದಿಯವರೆಗೆ ಬೇರಿನ ಎಳೆಗಳು ಹರಡುತ್ತವೆ. ಏಡಿ ತಿಂದದ್ದರ ಸಾರವನ್ನು ಅವು ಹೀರುತ್ತವೆ, ಏಡಿಯನ್ನು ಕೊಲ್ಲುವುದಿಲ್ಲ. ಕೊಂದರೆ ಅವಕ್ಕೂ ಉಳಿಗಾಲವಿಲ್ಲ. ಏಡಿ ಇನ್ನು ಪೊರೆ ಬಿಡುವುದಿಲ್ಲ, ಬೆಳೆಯುವುದಿಲ್ಲ, ಅದಕ್ಕೆ ಮರಿಯೂ ಆಗುವುದಿಲ್ಲ. ಕೆಲವು ಕಾಲ ಕಳೆದ ಮೇಲೆ, ಹೆಣ್ಣು ಏಡಿ ಮೊಟ್ಟೆ ಹೊರುವ ಜಾಗದಲ್ಲೇ, ಈ ಚೀಲ ಹೊರಗೆ ಬರುತ್ತದೆ. ಅದರ ತುಂಬ ಪರೋಪಜೀವಿಯ ಮೊಟ್ಟೆ. ಏಡಿ ಅದನ್ನು ತನ್ನದೇ ಮೊಟ್ಟೆಯೆಂಬಂತೆ ಕೊಳೆ ತೆಗೆದು, ಗಾಳಿಯಾಡಿಸಿ ಸಾಕುತ್ತದೆ.

"ಗಂಡು ಏಡಿಗೆ ಮೊಟ್ಟೆ ಸಾಕೋದು ಹೇಗೆ ಗೊತ್ತು ಸಾರ್?" ಎಂದು ಒಬ್ಬ ಹುಡುಗ ಕೇಳಿದ.

"ಗೊತ್ತಿರಲ್ಲಪ್ಪ. ಆ ಬೇರು ಅದನ್ನ ಒಳಗಿಂದ ಬದಲಾಯಿಸುತ್ತೆ. ಗಂಡಿನ ಲಕ್ಷಣ ಸೊರಗಿಸುತ್ತೆ, ಹೊಟ್ಟೆ ಅಗಲ ಮಾಡುತ್ತೆ, ನಡತೇನೂ ತಾಯಿ ಏಡಿಯದೇ ಮಾಡುತ್ತೆ. ಮರಿ ಬಿಡೋ ಕಾಲ ಬಂದಾಗ ಈ ಗಂಡು ಹೊಟ್ಟೆ ಬೀಸಿ ಬೀಸಿ ಅವನ್ನ ನೀರಿಗೆ ಬಿಡುತ್ತೆ, ತಾನೇ ಹೆತ್ತಂಗೆ."

ಏಡಿ ಎಸೆದಿದ್ದ ಹೆಂಗಸಿಗೆ ನಮ್ಮ ಸಂಭ್ರಮ ಕಂಡು ನಗು. ನನಗೆ ತಿಳಿಯದ ಭಾಷೆಯಲ್ಲಿ ಏನೋ ಹೇಳಿ, ತನ್ನ ಬುಟ್ಟಿ ತಡಕಿ ಅಂಥದೇ ಇನ್ನೊಂದನ್ನು ನನ್ನ ಮುಂದೆ ಇಟ್ಟಳು. ಎರಡನ್ನೂ ಫಾರ್ಮಲಿನ್ ತುಂಬಿದ ಸೀಸೆಗಳಲ್ಲಿ ಹಾಕಿಕೊಂಡು ಮೈಸೂರಿಗೆ ಬಂದೆವು.

ರಜೆಗೆ ಊರಿಗೆ ಬಂದಾಗ ಅಪ್ಪನಿಗೆ ಇದನ್ನೆಲ್ಲ ಹೇಳಬೇಕೆನಿಸಿತು. ಹೊಲದ ಬದುವಿನ ಮಾವಿನ ಮರಕ್ಕೆ ಬಂದಣಿಕೆ ಹತ್ತಿತ್ತು. ಅಪ್ಪ ಅದನ್ನು ಕತ್ತರಿಸಿ ಹಾಕುತ್ತಿದ್ದ. ಬಂದಣಿಕೆ ಎಂದರೆ ಮರದ ಕೊಂಬೆಯೊಳಗೇ ಬೇರಿಳಿಸಿ ಬದುಕುವ ಇನ್ನೊಂದು ಗಿಡ. ನಾನು ಅದನ್ನೇ ತೋರಿಸಿ ಏಡಿಯ ಕತೆ ಹೇಳಿದೆ. ಕುಡುಗೋಲು ಕೈಯಲ್ಲಿ ಹಿಡಿದೇ ಅಪ್ಪ ಕೇಳಿಸಿಕೊಂಡ.

"ಬಂದಣಿಕೆ ಹತ್ತಿದ್ರೆ ಮರ ಸೊರಗುತ್ತೆ, ಕಾಯಿ ಕಮ್ಮಿ ಬಿಡುತ್ತೆ. ಆದ್ರೆ ಮಾವಿನ ಮರ ಬಂದಣಿಕೆ ಬೀಜಾನ ತನ್ನ ಬೀಜ ಅಂತ ಸಾಕಲ್ವಲ್ಲೇ!"

"ಅದೇ ಅಪ್ಪ, ಅದಕ್ಕೇ ಇದು ಅದಕ್ಕಿಂತ ದೊಡ್ಡದು."

"ಹಂಗಾದ್ರೆ ನೀನು ಕಂಡಿದ್ದು ಸಣ್ಣದೇನಲ್ಲ" ಎಂದು ಅಪ್ಪ ಮರ ಹತ್ತಿದ. ಅವತ್ತು ಅಷ್ಟೇ ಮಾತು.

ನಾನು ಡಿಗ್ರಿ ಮುಗಿಸಿದೆ. ತರೀಕೆರೆಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತು. ಮೇಷ್ಟ್ರಿಗೆ ನಮಸ್ಕಾರ ಹೇಳಲು ಹೋದಾಗ ಅವರು ಕಪಾಟಿನಿಂದ ಮೂರು ಸೀಸೆ ತೆಗೆದು ಮೇಜಿನ ಮೇಲಿಟ್ಟರು. ಒಂದರಲ್ಲಿ ಮಾಮೂಲಿ ಗಂಡು ಏಡಿ, ಇನ್ನೊಂದರಲ್ಲಿ ಮೊಟ್ಟೆ ಹೊತ್ತ ಹೆಣ್ಣು, ಮೂರನೆಯದರಲ್ಲಿ ನಾನು ಕಸದ ಗುಡ್ಡೆಯಿಂದ ಎತ್ತಿದ ಏಡಿ. "ಆ ಹೆಂಗಸು ಕೊಟ್ಟ ಇನ್ನೊಂದು ಏಡಿ ಕಾಲೇಜಿಗಿರಲಿ. ಇವು ಮೂರೂ ನಿನ್ನವು. ನಿನ್ನ ಶಾಲೆಯ ಮಕ್ಕಳಿಗೆ ಕಡಲು ಎಲ್ಲಿ ಕಾಣಬೇಕು?" ಎಂದರು.

ಸೀಸೆಗಳನ್ನು ಸೀರೆಗಳ ನಡುವೆ ಸುತ್ತಿ ಟ್ರಂಕಿನಲ್ಲಿಟ್ಟುಕೊಂಡು ಅಜ್ಜಂಪುರದ ಸ್ಟೇಷನ್ನಿನಲ್ಲಿ ಇಳಿದೆ. ಹಜಾರದಲ್ಲಿ ಟ್ರಂಕು ಬಿಚ್ಚಿದ್ದೇ ಅಜ್ಜಿ ಎದ್ದು ನಿಂತಳು.

"ಏನೇ ಅದು? ಸತ್ತ ಏಡೀನ ಮನೆಯೊಳಕ್ಕೆ ತಂದಿದೀಯಾ? ತಗಂಡೋಗಿ ಆಚೆ ಹಾಕು."

ನಾನು ವಾದ ಮಾಡಲು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಮೂರೂ ಸೀಸೆಗಳನ್ನು ಎದೆಗವಚಿಕೊಂಡು ಹೊರಟೇಬಿಟ್ಟ. ತೋಟದಲ್ಲಿ ನೀರೆತ್ತುವ ಇಂಜಿನ್ನಿಗೆ ಕಟ್ಟಿಸಿದ ಸಣ್ಣ ಮನೆಯಿತ್ತು. ಅಲ್ಲಿ ಡೀಸೆಲ್ ಡಬ್ಬಗಳನ್ನು ಸರಿಸಿ, ಗೋಡೆಗೆ ಹಲಗೆ ಹೊಡೆದು, ಸೀಸೆಗಳನ್ನು ಸಾಲಾಗಿ ಇಟ್ಟ. ಶಾಲೆ ಶುರುವಾಗುವವರೆಗೆ ಅವು ಅಲ್ಲಿದ್ದವು. ತೋಟಕ್ಕೆ ಬಂದವರಿಗೆಲ್ಲ ಅವನ್ನು ತೋರಿಸುವುದು ಅಪ್ಪನಿಗೆ ಒಂದು ಕೆಲಸವೇ ಆಯಿತು. ಒಂದು ದಿನ ಅಜ್ಜಿಯೂ ಕೋಲೂರಿಕೊಂಡು ಬಂದು, ಬಾಗಿಲಾಚೆಯೇ ನಿಂತು ಇಣುಕಿ ನೋಡಿ, ಅಪ್ಪನಿಂದ ಕತೆ ಕೇಳಿ, "ಪಾಪ, ಅದಕ್ಕೆ ಗೊತ್ತೇ ಆಗ್ಲಿಲ್ವೇ" ಎಂದು ಹೇಳಿ ಹೋದಳಂತೆ.

ತರೀಕೆರೆಯಲ್ಲಿ ನಾನು ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದೆ. ಎರಡನೆಯ ವರ್ಷ ಶಾಲೆಯಲ್ಲಿ ವಿಜ್ಞಾನದ ವಸ್ತುಪ್ರದರ್ಶನ ಮಾಡುವುದೆಂದು ತೀರ್ಮಾನವಾಯಿತು. ಊರಿನ ಜನರೆಲ್ಲ ಬಂದು ನೋಡಬಹುದು. ತಾಲ್ಲೂಕಿನ ಅಧಿಕಾರಿ ಅಮಲ್ದಾರರು ಬಂದು ಉದ್ಘಾಟಿಸುತ್ತಾರೆ. ನಾನು ನನ್ನ ಮೇಜಿಗೆ ಏಡಿಗಳನ್ನೇ ಆರಿಸಿಕೊಂಡೆ. ಹುಡುಗಿಯರು ಗಂಡು, ಹೆಣ್ಣು ಏಡಿಗಳ ಹೊಟ್ಟೆಯ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿದರು. ಬೇರು ಹರಡುವುದನ್ನು ತೋರಿಸಲು ಹಳದಿ ಉಲ್ಲನ್ನಿನ ಎಳೆಗಳನ್ನು ಏಡಿಯ ದೊಡ್ಡ ಚಿತ್ರದ ಮೇಲೆ ಅಂಟಿಸಿದರು. ಒಂದು ಮಾವಿನ ಕೊಂಬೆಯನ್ನು ಬಂದಣಿಕೆಯ ಸಮೇತ ತಂದು ಪಕ್ಕದಲ್ಲಿ ನಿಲ್ಲಿಸಿದೆವು.

ಶಾಲೆಯ ಸಮಿತಿಯಲ್ಲಿ ಅಡಿಕೆ ಮಂಡಿಯ ಸಾಹುಕಾರರೊಬ್ಬರಿದ್ದರು. ಬೆಂಚುಗಳನ್ನು ಮಾಡಿಸಿಕೊಟ್ಟವರು, ಒಳ್ಳೆಯವರೇ. ಹಿಂದಿನ ದಿನ ಬಂದು ನನ್ನ ಮೇಜಿನ ಮುಂದೆ ನಿಂತು ಓದಿದರು. ಮುಖ ಗಂಟಾಯಿತು.

"ಇದೇನಮ್ಮಾ ಇದು, ಗಂಡು ಹೆಣ್ಣಾಗೋದು? ಹೆಣ್ಮಕ್ಕಳ ಸ್ಕೂಲು ಕಣಮ್ಮಾ ಇದು. ಮದುವೆ ಆಗ್ದಿರೋ ಮೇಷ್ಟ್ರಮ್ಮ ನಿಂತ್ಕೊಂಡು ಇಂಥದ್ದು ಹೇಳಿದ್ರೆ ಜನ ಏನಂದಾರು? ತೆಗೆದ್ಬಿಡಿ. ಒಂದು ಜ್ವಾಲಾಮುಖಿ ಮಾಡಿ, ಹೊಗೆ ಬರಂಗೆ. ಜನಕ್ಕೆ ಚೆನ್ನಾಗಿರುತ್ತೆ."

ನನಗೆ ಅಳು ಬರುವಷ್ಟು ಸಿಟ್ಟು ಬಂತು. ಏನಾದರೂ ಅಂದುಬಿಡುವ ಮೊದಲೇ ಹೆಡ್‌ಮಿಸ್ಟ್ರೆಸ್ ನಡುವೆ ಬಂದರು. ಅವರು ಕಡೂರಿನವರು, ಚರಿತ್ರೆ ಕಲಿಸುತ್ತಿದ್ದರು. ಯಾವಾಗಲೂ ಬಿಳಿ ಸೀರೆ, ಅಳೆದು ತೂಗಿದ ಮಾತು. "ನಾನು ನೋಡ್ತೀನಿ" ಎಂದು ಸಾಹುಕಾರರನ್ನು ಕಳಿಸಿಕೊಟ್ಟು, ನನ್ನ ಕಡೆ ತಿರುಗಿ, "ಸೀಸೆ ತಗೊಂಡು ನನ್ನ ರೂಮಿಗೆ ಬನ್ನಿ. ಮೊದಲು ನನಗೆ ಹೇಳಿ" ಎಂದರು.

ಹೇಳಿದೆ. ಅವರು ಚಷ್ಮಾ ಹಣೆಗೇರಿಸಿ ಒಂದೊಂದೇ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದರು. ಅರ್ಥವಾಗದ ಕಡೆ ನಿಲ್ಲಿಸಿ ಕೇಳಿದರು. ಬೇರಿನ ಕತೆ ಎರಡು ಸಲ ಹೇಳಿಸಿದರು. ಕೊನೆಗೆ ಸೀಸೆಯನ್ನು ಮೇಜಿನ ಮೇಲೆ ಮೆಲ್ಲನೆ ಇಟ್ಟು, "ಇದರಲ್ಲಿ ಯಾರಾದರೂ ನಾಚಿಕೊಳ್ಳಬೇಕಾದರೆ ಆ ಪರೋಪಜೀವಿ ನಾಚಿಕೊಳ್ಳಬೇಕು, ನಾವಲ್ಲ. ನಾಳೆ ನಾನು ನಿಮ್ಮ ಪಕ್ಕದಲ್ಲೇ ನಿಂತಿರ್ತೀನಿ. ಧೈರ್ಯವಾಗಿ ಹೇಳಿ" ಎಂದರು.

ಮಾರನೆಯ ದಿನ ಅವರು ನುಡಿದಂತೆಯೇ ನಿಂತರು. ಜನ ನಾನು ಎಣಿಸಿದ್ದಕ್ಕಿಂತ ಹೆಚ್ಚು ಬಂದಿದ್ದರು. ಮಂಡಿಗೆ ಬಂದ ರೈತರು, ಬಸ್ಸಿಗೆ ಕಾಯುತ್ತಿದ್ದವರು, ಮಕ್ಕಳನ್ನು ಕಂಕುಳಲ್ಲೆತ್ತಿಕೊಂಡ ಹೆಂಗಸರು. ಏಡಿಯ ಮೇಜಿನ ಮುಂದೆ ಸಾಲು ಬಾಗಿಲು ದಾಟಿ ಅಂಗಳಕ್ಕಿಳಿಯಿತು. ಗದ್ದೆಯ ಏಡಿ ಬಲ್ಲ ಜನಕ್ಕೆ ಗಂಡು ಹೆಣ್ಣಿನ ಹೊಟ್ಟೆಯ ಗುರುತನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಮೂರನೆಯ ಸೀಸೆಯನ್ನು ಮೊದಲು ತೋರಿಸಿ, "ಇದು ಯಾವುದು?" ಎಂದು ಕೇಳುತ್ತಿದ್ದೆ. "ಹೆಣ್ಣು" ಎನ್ನುತ್ತಿದ್ದರು. ಅಲ್ಲ ಎಂದು ಹೇಳಿ ಕತೆ ಶುರು ಮಾಡುತ್ತಿದ್ದೆ. ಬಾಯಿಗೆ ಸೆರಗು ಹಿಡಿದು ನಕ್ಕ ಹೆಂಗಸರಿದ್ದರು. ಯಾರೂ ಸಾಲು ಬಿಟ್ಟು ಹೋಗಲಿಲ್ಲ.

ಅಮಲ್ದಾರರು ಸಾಹುಕಾರರ ಜೊತೆ ನನ್ನ ಮೇಜಿಗೆ ಬಂದು ನಿಂತಿದ್ದಾಗ ಸಾಲಿನಲ್ಲಿ ಅಪ್ಪನನ್ನು ಕಂಡೆ. ಬರುತ್ತೇನೆಂದು ಹೇಳಿರಲಿಲ್ಲ. ಮದುವೆಗೆ ಮಾತ್ರ ಹಾಕುವ ಕರಿ ಕೋಟು, ತಲೆಗೆ ಒಗೆದ ರುಮಾಲು, ಕೈಯಲ್ಲಿ ಕೊಡೆ. ಬೆಳಗಿನ ಬಸ್ಸಿಗೇ ಬಂದು, ಎಲ್ಲರಂತೆ ಸಾಲಿನಲ್ಲಿ ನಿಂತು, ನನ್ನನ್ನು ಕಂಡೇ ಇಲ್ಲವೆಂಬಂತೆ ಮುಖ ಮಾಡಿಕೊಂಡಿದ್ದ. ನಾನೂ ಮಾತು ನಿಲ್ಲಿಸಲಿಲ್ಲ. ಕತೆ ಮುಗಿದ ಮೇಲೆ, ಅಮಲ್ದಾರರು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಸಾಲಿನಿಂದಲೇ ಕೂಗಿದ.

"ಮೇಡಮ್ಮೋರೇ, ಒಂದು ಮಾತು. ಆ ಚೀಲಾನ ಯಾರಾದ್ರೂ ಕಿತ್ತಾಕ್ಬಿಟ್ರೆ ಆ ಏಡಿ ಮತ್ತೆ ಗಂಡಾಗುತ್ತಾ?"

ಎಲ್ಲರೂ ತಿರುಗಿ ನೋಡಿದರು, ಆಮೇಲೆ ನನ್ನ ಕಡೆ. ನಾನು ಅದನ್ನು ಎಂದೂ ಯೋಚಿಸಿರಲಿಲ್ಲ. ಸಾಹುಕಾರರು ಹುಬ್ಬೇರಿಸಿ ಕಾಯುತ್ತಿದ್ದರು. ಏನಾದರೂ ಒಂದು ಹೇಳಿ ದಾಟಿಕೊಳ್ಳಬಹುದಿತ್ತು; ತಪ್ಪೆನ್ನುವವರು ಅಲ್ಲಿ ಯಾರೂ ಇರಲಿಲ್ಲ.

"ಅದು ನನಗೆ ಗೊತ್ತಿಲ್ಲ. ತಿಳಿದವರನ್ನ ಕೇಳಿ ಹೇಳ್ತೀನಿ" ಎಂದೆ.

ಅಂಗಳದ ಕಡೆಯಿಂದ ಯಾರೋ ಕಿಸಕ್ಕೆಂದರು. ಅಮಲ್ದಾರರು ಮಾತ್ರ ನಗಲಿಲ್ಲ. "ಒಳ್ಳೆ ಪ್ರಶ್ನೆ ಕೇಳಿದ್ರಿ ಗೌಡ್ರೇ" ಎಂದು ಅಪ್ಪನಿಗೆ ಹೇಳಿ, ನನಗೆ, "ಇಷ್ಟು ದೂರದ ಕಡಲನ್ನ ತರೀಕೆರೆಗೆ ತಂದಿದ್ದೀರಿ. ನನ್ನ ಮನೆಯವರನ್ನೂ ಮಧ್ಯಾಹ್ನ ಕಳಿಸ್ತೀನಿ" ಎಂದರು. ಹೆಡ್‌ಮಿಸ್ಟ್ರೆಸ್ ನನ್ನ ಬೆನ್ನ ಮೇಲೆ ಒಮ್ಮೆ ಕೈಯಿಟ್ಟು ತೆಗೆದರು. ಸಾಹುಕಾರರು ಮುಂದಿನ ಮೇಜಿಗೆ ನಡೆದರು. ಆದರೆ ಸಂಜೆ ಹೆಂಡತಿಯನ್ನೂ ಇಬ್ಬರು ಸೊಸೆಯರನ್ನೂ ಕರೆತಂದು, ತಾವು ಬಾಗಿಲ ಹತ್ತಿರ ನಿಂತು, ಅವರನ್ನು ಮೇಜಿನವರೆಗೆ ಕಳಿಸಿದರು.

ಅಪ್ಪ ಶಾಲೆಯ ಹೊಂಗೆ ಮರದ ಕೆಳಗೆ ಕಾದು ಕೂತಿದ್ದ. ನಾನು ಹೋಗಿ ಎದುರು ನಿಂತೆ.

"ಏನಪ್ಪಾ ನೀನು, ಅಷ್ಟು ಜನರ ಮುಂದೆ ನಂಗೆ ಗೊತ್ತಿಲ್ದಿರೋದೇ ಕೇಳ್ಬೇಕಿತ್ತಾ?"

"ನಂಗೇನು ಕನ್ಸು ಬಿದ್ದಿತ್ತಾ ನಿಂಗೆ ಗೊತ್ತಿಲ್ಲ ಅಂತ? ಇಂಜಿನ್ ಮನೇಲಿ ನೋಡ್ದಾಗ್ನಿಂದ ಮನಸ್ನಾಗೆ ಇತ್ತು, ಕೇಳ್ದೆ." ಅಪ್ಪ ಎದ್ದು ಪಂಚೆಯ ಧೂಳು ಕೊಡವಿದ. ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡ, ಸ್ವಲ್ಪ ಹೆಚ್ಚು ಹೊತ್ತೇ. "ಅಮಲ್ದಾರ್ರ ಮುಂದೆ ನಿಂತ್ಕಂಡು ಗೊತ್ತಿಲ್ಲ ಅಂದ್ಯಲ್ಲ, ಆಗ ಗೊತ್ತಾಯ್ತು ಕಣವ್ವಾ ನಂಗೆ. ಮಿಕ್ಕಿದ್ದೆಲ್ಲ ನಿಂಗೆ ಗೊತ್ತೈತೆ ಅಂತ."

ನನಗೆ ಆಮೇಲೆ ಎಷ್ಟೋ ಜನ ಎಷ್ಟೋ ಮೆಚ್ಚುಗೆಯ ಮಾತು ಆಡಿದ್ದಾರೆ. ಅದರ ಸಮಕ್ಕೆ ಇನ್ನೊಂದು ಬಂದಿಲ್ಲ.

ಬೇಸಿಗೆಯ ರಜೆಯಲ್ಲಿ ಮೈಸೂರಿಗೆ ಹೋದಾಗ ಮೇಷ್ಟ್ರನ್ನು ಕೇಳಿದೆ. ಅವರೂ ಪುಸ್ತಕಗಳನ್ನು ತಿರುವಿ ಹಾಕಿ ಹೇಳಬೇಕಾಯಿತು. ಚೀಲ ಹೋದರೂ ಒಳಗಿನ ಬೇರು ಉಳಿದಿದ್ದರೆ ಏಡಿ ಗುಣವಾಗುವುದಿಲ್ಲ; ಅನೇಕವು ಸಾಯುತ್ತವೆ. ಬೇರೂ ಸತ್ತು ಏಡಿ ಉಳಿದುಕೊಂಡರೆ, ಅದು ಹುಟ್ಟಿನಿಂದಲೇ ಹೆಣ್ಣಾಗಿದ್ದರೆ ಮತ್ತೆ ಮೊಟ್ಟೆಯಿಡುವುದುಂಟು. ಗಂಡು ಮಾತ್ರ ಮೊದಲಿನ ಗಂಡಾಗುವುದು ಕಷ್ಟ. ಒಮ್ಮೊಮ್ಮೆ ಅದರೊಳಗೆ ಮೊಟ್ಟೆಯಂಥದ್ದೇ ಬೆಳೆಯುತ್ತದಂತೆ. "ಈ ಪ್ರಶ್ನೆ ನಿನ್ನ ವಿದ್ಯಾರ್ಥಿನಿ ಕೇಳಿದ್ದಾ?" ಎಂದರು ಮೇಷ್ಟ್ರು. "ಅಲ್ಲ ಸಾರ್, ನಮ್ಮಪ್ಪ" ಎಂದಾಗ ನನ್ನ ದನಿ ತಾನಾಗಿಯೇ ಸ್ವಲ್ಪ ಎತ್ತರವಾಯಿತು.

ಊರಿಗೆ ಬಂದು ಅಪ್ಪನಿಗೆ ಅದನ್ನು ಹೇಳಿದೆ. ತಲೆಯಾಡಿಸುತ್ತ ಕೇಳಿದ. ಅದಾದ ಕೆಲವು ವಾರಕ್ಕೆ, ಅಜ್ಜಂಪುರದ ಸಂತೆಯಲ್ಲಿ ಮನೆಗೆಂದು ಹುಣಸೆಹಣ್ಣು ಕೊಂಡು ನಿಂತಿದ್ದೆ. ಪಕ್ಕದ ತೆಂಗಿನಕಾಯಿ ರಾಶಿಯ ಆಚೆಯಿಂದ ಅಪ್ಪನ ದನಿ ಕೇಳಿಸಿತು. ಸುತ್ತ ಪಂಚನಹಳ್ಳಿ ಕಡೆಯ ಕಾಯಿ ವ್ಯಾಪಾರಿಗಳು. ಅಪ್ಪನ ಬಾಯಲ್ಲಿ ಏಡಿ ಮೊರದಷ್ಟು ದೊಡ್ಡದಾಗಿತ್ತು. ಮಿಕ್ಕಂತೆ ಬೇರು, ಚೀಲ, ಅಗಲವಾದ ಹೊಟ್ಟೆ, ಎಲ್ಲವೂ ಒಂದಕ್ಷರ ತಪ್ಪಿಲ್ಲದೆ ಸರಿಯಾಗಿತ್ತು.

"ಸುಳ್ಳು ಹೇಳ್ಬೇಡ ಕಣೋ" ಎಂದ ಒಬ್ಬ ಮುದುಕ. "ಗಂಡು ಎಲ್ಲಾದ್ರೂ ಮೊಟ್ಟೆ ಸಾಕುತ್ತಾ?"

ಅಪ್ಪ ಉತ್ತರ ಕೊಡಲು ತಿರುಗಿದವನು ನನ್ನನ್ನು ಕಂಡ. ಮುಖ ಅರಳಿತು. "ಬಾರವ್ವಾ ಇಲ್ಲಿ. ಈ ಯಜಮಾನ್ರು ನಂಬಾಕಿಲ್ಲ ಅಂತಾರೆ. ನೀನೇ ಹೇಳು" ಎಂದು, ಕಾಯಿ ತುಂಬಿದ ಒಂದು ಚೀಲವನ್ನು ಎಳೆದು ನನಗೆ ಕೂರಲು ಜಾಗ ಮಾಡಿಕೊಟ್ಟ. ನಾನು ಹುಣಸೆಹಣ್ಣಿನ ಬುಟ್ಟಿಯನ್ನು ಕೆಳಗಿಟ್ಟು, ಕೂತು, ಮೊದಲಿನಿಂದ ಹೇಳತೊಡಗಿದೆ.